ಧರ್ಮಗುರುಗಳ ಅಭಿಪ್ರಾಯ ಮತ್ತು ನಾಗರಿಕರ ಹಕ್ಕು

ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೋರಿದ ಅರ್ಜಿಗಳ ವಿಚಾರಣೆ 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದ ಮುಂದೆ ನಡೆಯುತ್ತಿದ್ದಾಗ, ಆಂಧ್ರಪ್ರದೇಶ ಸರ್ಕಾರವು ರಾಜ್ಯದ ವಿವಿಧ ಧರ್ಮಗಳ ಮುಖಂಡರನ್ನು ವಿಚಾರಿಸಿ, ತಾನು ಅಂತಹ ವಿವಾಹಕ್ಕೆ ವಿರುದ್ಧವೆಂದು ಕೇಂದ್ರಕ್ಕೆ ಉತ್ತರಿಸಿತು. ಹಿಂದೂಪುರ, ಕಲ್ಯಾಣದುರ್ಗಗಳ ವಕೀಲರೂ ಪತ್ರಕರ್ತರೂ ಕಲೆತಿರುವ ಈ ವಿಚಾರಸಂಕಿರಣದ ಚರ್ಚೆ ಆ ಉತ್ತರದಿಂದಲೇ ಹೊರಡುವುದು ಉಚಿತ, ಏಕೆಂದರೆ ಅದು ಇಲ್ಲಿನ ಜನರ ಹೆಸರಿನಲ್ಲೂ ಕೊಟ್ಟ ಉತ್ತರ.

ವೈಯಕ್ತಿಕ ಕಾನೂನುಗಳನ್ನು, ಅಂದರೆ ಮದುವೆ, ವಾರಸಿಕೆಗಳಲ್ಲಿ ಆಯಾ ಧರ್ಮದವರಿಗೆ ಅನ್ವಯಿಸುವ ಕಾನೂನುಗಳನ್ನು ತಾನು ಮುಟ್ಟುವುದಿಲ್ಲವೆಂದು ಪೀಠವು ಮೊದಲಲ್ಲೇ ಹೇಳಿ, ಚರ್ಚೆಯನ್ನು ಮುಖ್ಯವಾಗಿ 1954ರ ವಿಶೇಷ ವಿವಾಹ ಕಾಯ್ದೆಯತ್ತ ತಿರುಗಿಸಿತ್ತು. ಜಾತಿ, ಧರ್ಮಗಳ ಹಂಗಿಲ್ಲದೆ, ವಿವಾಹಾಧಿಕಾರಿಯ ಮುಂದೆ ಮೂವರು ಸಾಕ್ಷಿಗಳ ಸಹಿಯೊಡನೆ ಮದುವೆಯಾಗಲೆಂದೇ ರೂಪಿಸಿದ ಕಾಯ್ದೆಯ ಬಗ್ಗೆ ಧರ್ಮಗುರುಗಳ ಒಪ್ಪಿಗೆ ಕೇಳಿದ್ದು ಆ ಕಾಯ್ದೆಯ ಉದ್ದೇಶವನ್ನೇ ಮರೆತ ನಡೆ. ಅದೇ ವರ್ಷದ ಅಕ್ಟೋಬರ್ 17ರಂದು ಪೀಠವು ಅರ್ಜಿದಾರರಿಗೆ ವಿವಾಹದ ಮಾನ್ಯತೆ ನಿರಾಕರಿಸಿತು. ಆ ತೀರ್ಪನ್ನು ಒಪ್ಪದವರು ಅನೇಕರಿದ್ದಾರೆ, ಆದರೆ ಅದೂ ಶಾಸ್ತ್ರವಚನವನ್ನು ಆಧರಿಸಲಿಲ್ಲ.

ನಾಗರಿಕರ ಹಕ್ಕನ್ನು ಶಾಸ್ತ್ರವಚನದಿಂದ ಅಳೆಯಬಾರದೆಂಬ ನಿಲುವಿಗೆ ತಳಹದಿ 2018ರ ಸೆಪ್ಟೆಂಬರ್ 6ರ ನವತೇಜ್ ಸಿಂಗ್ ಜೋಹರ್ ತೀರ್ಪಿನಲ್ಲಿದೆ. ವಯಸ್ಕರ ಸಮ್ಮತಿಯ ಖಾಸಗಿ ಸಂಬಂಧವನ್ನು ದಂಡ ಸಂಹಿತೆಯ 377ನೆಯ ಕಲಮಿನ ಹಿಡಿತದಿಂದ ಬಿಡಿಸಿದ ಆ ತೀರ್ಪು ಸಾಂವಿಧಾನಿಕ ನೈತಿಕತೆಯನ್ನು, ಎಂದರೆ ಬಹುಜನರ ಮೆಚ್ಚುಗೆಯನ್ನಲ್ಲ, ಸಮಾನತೆ, ಘನತೆ, ಸ್ವಾತಂತ್ರ್ಯಗಳನ್ನು ಅಳತೆಗೋಲಾಗಿ ಹಿಡಿಯುವ ವಿವೇಕವನ್ನು ಎತ್ತಿಹಿಡಿಯಿತು. ಮಠ, ಮಸೀದಿ, ಚರ್ಚುಗಳಿಗೆ ತಮ್ಮ ಬೋಧನೆಯ ಸ್ವಾತಂತ್ರ್ಯವನ್ನು 25ನೆಯ ವಿಧಿ ಕೊಟ್ಟಿದೆ, ಅದು ಉಳಿಯಲೇಬೇಕು. ಆದರೆ ಅನುಯಾಯಿಗೆ ಹೇಳುವ ಮಾತು ನಾಗರಿಕನ ಹಕ್ಕಿನ ಮೇಲೆ ಕೊಡುವ ತೀರ್ಪಾಗಲಾರದು.

ಪತ್ರಿಕೆಗಳ ಹೊಣೆ ಇನ್ನೂ ಸೂಕ್ಷ್ಮವಾದುದು. 2011ರಲ್ಲಿ ಹೈದರಾಬಾದಿನ ಸಲಿಂಗಿಗಳ ಖಾಸಗಿ ಬದುಕನ್ನು ಬಯಲಿಗೆಳೆದ ತೆಲುಗು ಸುದ್ದಿವಾಹಿನಿಯೊಂದಕ್ಕೆ ಸುದ್ದಿ ಪ್ರಸಾರ ಮಾನದಂಡಗಳ ಪ್ರಾಧಿಕಾರವು 1 ಲಕ್ಷ ರೂಪಾಯಿ ದಂಡ ವಿಧಿಸಿ ಕ್ಷಮೆಯಾಚನೆ ಪ್ರಸಾರ ಮಾಡಿಸಿತು. ಈಗ ಅಷ್ಟು ಒರಟುತನ ಕಡಿಮೆಯಾಗಿರಬಹುದು, ಆದರೂ ಇಂತಹ ಹಕ್ಕುಗಳ ಕುರಿತ ತೀರ್ಪು ಹೊರಬಿದ್ದ ಸಂಜೆ ಒಬ್ಬ ಸ್ವಾಮೀಜಿ, ಒಬ್ಬ ಮೌಲ್ವಿ, ಒಬ್ಬ ಪಾದ್ರಿಯ ಪ್ರತಿಕ್ರಿಯೆ ಪಡೆದು ಸಮತೋಲದ ಸುದ್ದಿಯಾಯಿತೆಂದು ತಿಳಿಯುವ ಅಭ್ಯಾಸ ಹೋಗಿಲ್ಲ.

2024ರ ಡಿಸೆಂಬರಿನಲ್ಲಿ, ತಂದೆ ಬಲವಂತವಾಗಿ ಇರಿಸಿಕೊಂಡಿದ್ದಾರೆಂಬ ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲಿ, ಎಂದರೆ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ಕೋರುವ ಅರ್ಜಿಯಲ್ಲಿ, ಆಂಧ್ರಪ್ರದೇಶ ಹೈಕೋರ್ಟ್ ವಯಸ್ಕ ಯುವತಿಯೊಬ್ಬಳಿಗೆ ತನ್ನ ಸಂಗಾತಿ ಮಹಿಳೆಯೊಡನೆ ಬಾಳುವ ಹಕ್ಕಿದೆಯೆಂದಿತು. ಹೆತ್ತವರ ಮೇಲಿನ ದೂರನ್ನು ಆಕೆಯೇ ಹಿಂಪಡೆಯಲು ಒಪ್ಪಿದ್ದರಿಂದ ಅವರ ಮೇಲೆ ಕ್ರಮ ಬೇಡವೆಂದೂ ಹೇಳಿತು. ಇಂತಹ ಆದೇಶವನ್ನು ತೆಲುಗು, ಕನ್ನಡ ಎರಡೂ ಓದುವ ಈ ಗಡಿಭಾಗಕ್ಕೆ ತಲುಪಿಸುವ ಬಾತ್ಮಿದಾರರು ಆಕೆಯ ವಯಸ್ಸು, ಇಚ್ಛೆ, ನ್ಯಾಯಾಲಯ ಕೊಟ್ಟ ಕಾರಣ ಇವಿಷ್ಟನ್ನು ಬರೆದು, ಊರು, ಹೆಸರುಗಳನ್ನು ಕೈಬಿಡುವ ಕ್ರಮವೊಂದನ್ನು ಇಂದಿನ ಮಧ್ಯಾಹ್ನದ ಗೋಷ್ಠಿಯೇ ರೂಪಿಸಿಕೊಡಬೇಕೆಂಬುದು ಈ ಸಂಕಿರಣದ ಆಶಯ.