ಯುಗಾದಿಯ ರಜೆ

ಯುಗಾದಿಯ ಬೆಳಗು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದಲ್ಲಿ ಬಾಗಿಲಿಗೆ ಮಾವಿನ ತೋರಣ, ನಡುನಡುವೆ ಬೇವಿನ ಸೊಪ್ಪು. ಎಣ್ಣೆಸ್ನಾನ ಮುಗಿಸಿದ ಮಕ್ಕಳು ಅಂಗೈಯ ಬೇವುಬೆಲ್ಲದಲ್ಲಿ ಬೇವಿನ ಹೂವನ್ನು ಮೆಲ್ಲಗೆ ಪಕ್ಕಕ್ಕೆ ಸರಿಸುತ್ತಾರೆ. ಬೆಲ್ಲವನ್ನಷ್ಟೇ ನೆಕ್ಕುತ್ತಾರೆ. ಅಜ್ಜಿಯ ಕಣ್ಣಿಗೆ ಅದು ಬೀಳದೆ ಇರುವುದಿಲ್ಲ.

ದೂರದ ಹಿಂದೂ ಮಹಾಸಾಗರದಲ್ಲಿ ಮಾರಿಷಸ್ ಅಂತ ಒಂದು ದ್ವೀಪ. ಜನ ಸುಮಾರು 12 ಲಕ್ಷ. ಅಲ್ಲೂ ಯುಗಾದಿಗೆ ಸರ್ಕಾರಿ ರಜೆ!

ಕಾರಣ, ಅಲ್ಲಿನ ತೆಲುಗು ಮನೆತನಗಳು. ಬ್ರಿಟಿಷರ ಕಾಲದಲ್ಲಿ ಕಬ್ಬಿನ ತೋಟಕ್ಕೆ ಕರಾರಿನ ಕೂಲಿಗಳಾಗಿ ಹೋದವರ ಮರಿಮಕ್ಕಳು ಇವರು. ಹೋದವರ ಗಂಟಿನಲ್ಲಿ ಏನಿತ್ತೋ, ಪಂಚಾಂಗದ ನೆನಪಂತೂ ಇತ್ತು. 1834ರಲ್ಲಿ ಅಂಥ ಕೂಲಿಗಳು ಬಂದಿಳಿದ ನೆನಪಿಗೆ ನವೆಂಬರ್ 2 ರಜೆ. 1835ರಲ್ಲಿ ಗುಲಾಮಗಿರಿ ಅಳಿದ ನೆನಪಿಗೆ ಫೆಬ್ರವರಿ 1 ರಜೆ. ಜೊತೆಗೆ ತಮಿಳರ ಕಾವಡಿ, ಚೀನೀಯರ ಹೊಸ ವರ್ಷ, ಶಿವರಾತ್ರಿ, ರಂಜಾನ್, ಕ್ರಿಸ್‌ಮಸ್.

ಪಾವಗಡದ ಕಡೆಯವರಿಗೆ ಇದು ಅಷ್ಟೇನೂ ದೂರದ ಕಥೆಯಲ್ಲ. ಮೂರು ಕಡೆ ಆಂಧ್ರ ಸುತ್ತಿಕೊಂಡ ಅಲ್ಲಿ ಹಬ್ಬದ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ.

ಯುಗಾದಿಯ ಮರುದಿನದ ಮಾಂಸದೂಟದ ಹಬ್ಬ ಹೊಸತೊಡಕು ಮಾತ್ರ ನಮ್ಮ ಸರ್ಕಾರದ ರಜೆಪಟ್ಟಿಯಲ್ಲಿಲ್ಲ. ಆದರೂ ಅಂದು ಬೆಳಕು ಹರಿಯುವ ಮೊದಲೇ ಮಾಂಸದಂಗಡಿಯ ಮುಂದೆ ಸಾಲು.