ಜೋಳಿಗೆಯೊಳಗಿನ ಹಿಮ್ಮೇಳ



ರಾಮನಗರದ ದೊಡ್ಡ ಬಂಡೆಗಳ ಎದುರು ನಿಂತು ಚಪ್ಪಾಳೆ ತಟ್ಟಿದರೆ ಅದು ಮರಳಿ ಬರುತ್ತದೆ. ಬಂಡೆ ಸುಮಾರು 85 ಮೀಟರ್ ದೂರದಲ್ಲಿದ್ದರೆ ಸದ್ದು ಹೋಗಿ ಬರಲು ಬೇಕಾಗುವುದು ಅರ್ಧ ಸೆಕೆಂಡು. ಆ ಅರ್ಧ ಸೆಕೆಂಡಿಗೆ ಸರಿಯಾಗಿ ಮತ್ತೊಂದು ಚಪ್ಪಾಳೆ ತಟ್ಟುತ್ತ ಹೋದವನಿಗೆ ಬೆಟ್ಟವೇ ಜೊತೆಗಾರ. (ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಗಿ ಘೋಷಿತವಾಗಿದೆ. ಈ ಪ್ರಯೋಗಕ್ಕೆ ಬೇರೆ ಬಂಡೆ ನೋಡಿಕೊಳ್ಳುವುದು ಲೇಸು.)

ಆದರೆ ಬೆಟ್ಟ ಸದ್ದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದೆರಡು ಬಾರಿ ಮರಳಿಸಿ ಸುಮ್ಮನಾಗುತ್ತದೆ. ಸದ್ದಿನ ಒಂದು ತುಣುಕನ್ನು ಹಿಡಿದು, ಅದೇ ಅಳತೆಯಲ್ಲಿ, ಬೇಕಾದಷ್ಟು ಹೊತ್ತು ಸುತ್ತಿಸುತ್ತಿದ್ದರೆ ಅದು 'ಲೂಪ್'. ಕಲಾವಿದನೊಬ್ಬ ಕೇಳುಗರ ಕಣ್ಣೆದುರೇ ತಾನು ಹಾಡಿದ್ದನ್ನು, ಬಾರಿಸಿದ್ದನ್ನು ಹೀಗೆ ಸುತ್ತಲು ಬಿಟ್ಟು, ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಕೂಡಿಸುತ್ತ ಹೋಗುವುದಕ್ಕೆ 'ಲೈವ್ ಲೂಪಿಂಗ್' ಎನ್ನುತ್ತಾರೆ. ಅದಕ್ಕೆ ಬೇಕಾದ ಯಂತ್ರಗಳೆಲ್ಲ ಈಗ ಒಂದು ಹೆಗಲ ಚೀಲದಲ್ಲಿ ಹಿಡಿಯುತ್ತವೆ.

ಇದು ಹೊರದೇಶದ ಹುಡುಗರ ಆಟ ಎಂದು ತಳ್ಳಿಹಾಕುವಂತಿಲ್ಲ. ಏಕೆಂದರೆ ಈ ಯಂತ್ರ ಉತ್ತರಿಸಹೊರಟಿರುವ ಪ್ರಶ್ನೆ ಈ ಸೀಮೆಯ ಹಾಡುಗಾರರಿಗೆ ಬಹಳ ಹಳೆಯದು. ಇರುವುದು ಎರಡು ಕೈ, ಒಂದು ಬಾಯಿ. ಹಾಡಿಗೋ ಶ್ರುತಿ ಬೇಕು, ತಾಳ ಬೇಕು, ಸೊಲ್ಲು ಬೇಕು. ಎಲ್ಲವನ್ನೂ ನಡೆಸಿಕೊಂಡು ಕಥೆಯನ್ನು ಮುಂದಕ್ಕೆ ಒಯ್ಯುವುದು ಹೇಗೆ?

ಮಂಟೇಸ್ವಾಮಿ ಕಾವ್ಯ ಹಾಡುವ ಹಳೆ ಮೈಸೂರು ಸೀಮೆಯ ನೀಲಗಾರರ ಮೇಳವನ್ನು ನೋಡಬೇಕು. ಮುಖ್ಯ ಗಾಯಕನ ಹೆಗಲಿಗೆ ತಂಬೂರಿ, ಕೈಯಲ್ಲಿ ಗಗ್ಗರ. ಹಿಂದೆ ತಾಳ, ಡಕ್ಕೆ ಹಿಡಿದವರು. ಕಥೆ ಮುಮ್ಮೇಳದಲ್ಲಿ ಸಾಗುತ್ತದೆ, ಸೊಲ್ಲು ಹಿಮ್ಮೇಳದಲ್ಲಿ ಸುತ್ತುತ್ತದೆ. ರಾತ್ರಿಯಿಡೀ ನಡೆಯುವ ಹಾಡಿನಲ್ಲಿ ಆ ಸೊಲ್ಲು ಬರಿಯ ಅಲಂಕಾರವಲ್ಲ. ಹಿಮ್ಮೇಳದವರು ಅದನ್ನು ಹಾಡುವಷ್ಟರಲ್ಲಿ ಮುಂದಿನವನು ಉಸಿರೆಳೆದುಕೊಳ್ಳುತ್ತಾನೆ, ಮುಂದಿನ ನುಡಿಯನ್ನು ನೆನಪಿಗೆ ತಂದುಕೊಳ್ಳುತ್ತಾನೆ. ಲೂಪ್ ಮಾಡುವ ಕೆಲಸವೂ ಇದೇ.

ಆ ತಂಬೂರಿಗೆ ತಂತಿ ಬೇಕು. 1800ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವ ಕಸುಬನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿನ ತಂತಿಗೆ ದೂರದೂರದ ಊರುಗಳಲ್ಲೂ ಬೇಡಿಕೆಯಿತ್ತು. ಇಂದು ಬಣ್ಣದ ಗೊಂಬೆಗಳ ಊರೆಂದೇ ಹೆಸರಾಗಿರುವ ಚನ್ನಪಟ್ಟಣ ಒಂದು ಕಾಲಕ್ಕೆ ಸಂಗೀತಗಾರರಿಗೆ ಸಾಮಾನು ಒದಗಿಸುತ್ತಿದ್ದ ಊರು. ಅಂದಿನ ಮಟ್ಟಿಗೆ ಅದು ಹೊಸ ತಂತ್ರಜ್ಞಾನವೇ ಆಗಿತ್ತು.

ಶ್ರುತಿ ಹಿಡಿಯುವ ಕೆಲಸವನ್ನು ಯಂತ್ರಕ್ಕೆ ವಹಿಸುವ ಮೊದಲ ದೊಡ್ಡ ಹೆಜ್ಜೆಯೂ ದೂರದಲ್ಲೇನೂ ಆಗಲಿಲ್ಲ. ಬೆಂಗಳೂರಿನಲ್ಲಿ ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಶ್ರುತಿಪೆಟ್ಟಿಗೆಗಳು ಸಂಗೀತ ಪಾಠದ ಮನೆಗಳಿಗೆ, ಕಚೇರಿಗಳಿಗೆ ನಡೆದವು. ತಾಳದ ಪೆಟ್ಟಿಗೆಗಳೂ ಹಿಂದೆಯೇ ಬಂದವು. ನಾಲ್ಕು ತಂತಿಯ ಮೀಟನ್ನು ಒಂದೇ ಕ್ರಮದಲ್ಲಿ ಸುತ್ತಿಸುವ ಈ ಪೆಟ್ಟಿಗೆಯೂ ಒಂದು ಬಗೆಯ ಲೂಪೇ. ವ್ಯತ್ಯಾಸ ಇಷ್ಟೇ: ಅದು ತನ್ನೊಳಗಿರುವುದನ್ನು ನುಡಿಸುತ್ತದೆ; ಲೂಪ್ ಯಂತ್ರ ಎದುರಿಗಿರುವವನ ಸದ್ದನ್ನೇ ಹಿಡಿದು ಅವನಿಗೇ ಕೊಡುತ್ತದೆ.

ಹೀಗೆ ಹಿಡಿದು ಕೊಡುವ ವಿದ್ಯೆ ಬೆಳೆದದ್ದು ಪಶ್ಚಿಮದಲ್ಲಿ. 1948ರಲ್ಲಿ ಪ್ಯಾರಿಸ್ಸಿನ ರೇಡಿಯೊದಲ್ಲಿ ಪಿಯರ್ ಶೇಫರ್ ಗ್ರಾಮಫೋನ್ ತಟ್ಟೆಯ ಗೆರೆಯನ್ನು ಸುರುಳಿಯಾಗಿ ಬಿಡದೆ ವೃತ್ತವಾಗಿ ಮುಚ್ಚಿ ಒಂದೇ ಸದ್ದನ್ನು ಸುತ್ತಿಸಿದ. 1963ರಲ್ಲಿ ಅದೇ ಊರಿನಲ್ಲಿ ಅಮೆರಿಕದ ಟೆರಿ ರೈಲಿ ಎರಡು ಟೇಪ್ ರೆಕಾರ್ಡರುಗಳ ನಡುವೆ ಒಂದೇ ಟೇಪು ಹಾಯಿಸಿದ. ಮೊದಲನೆಯದು ಮುದ್ರಿಸುತ್ತದೆ, ಎರಡನೆಯದು ಅದನ್ನು ನುಡಿಸಿ ಮತ್ತೆ ಮೊದಲನೆಯದಕ್ಕೆ ಕಳುಹಿಸುತ್ತದೆ. ಟೇಪು ಸೆಕೆಂಡಿಗೆ 19 ಸೆಂಟಿಮೀಟರ್ ಓಡಿದರೆ, ಯಂತ್ರಗಳ ನಡುವಿನ 114 ಸೆಂಟಿಮೀಟರ್ ದೂರ ಆರು ಸೆಕೆಂಡಿನ ವಿಳಂಬ ಕೊಡುತ್ತದೆ. ಬಂಡೆಯ ಲೆಕ್ಕವೇ, ಆದರೆ ಮೇಜಿನ ಮೇಲೆ. ಆಮೇಲೆ ಟೇಪಿನ ಜಾಗಕ್ಕೆ ಡಿಜಿಟಲ್ ಸ್ಮರಣೆ ಬಂತು. 2001ರಲ್ಲಿ ಜಪಾನಿನ ಬಾಸ್ ಕಂಪನಿಯ ಕಾಲಿನಿಂದ ಒತ್ತುವ 'ಲೂಪ್ ಸ್ಟೇಷನ್' ಬಂದ ಮೇಲೆ ಸಾಮಾನ್ಯ ಗಾಯಕನೂ ಇದನ್ನು ಹೊತ್ತು ತಿರುಗುವಂತಾಯಿತು.

ಹಾಗಾದರೆ ಕನಕಪುರದಲ್ಲೋ ಮಾಗಡಿಯಲ್ಲೋ ಒಬ್ಬ ಉತ್ಸಾಹಿ ಇಂಥದೊಂದು ಜೋಳಿಗೆ ಕಟ್ಟಿಕೊಳ್ಳಬೇಕಾದರೆ ಏನೇನು ಬೇಕು?

ಮೊದಲನೆಯದು, ಸದ್ದು ಒಳಬರುವ ದಾರಿ. ಹಾಡಿಗೆ ಒಂದು ಮೈಕು. ತಂಬೂರಿಯಂಥ ವಾದ್ಯಕ್ಕೆ ಮೈಕಿಗಿಂತ ಅದರ ಮೈಗೆ ಅಂಟಿಸುವ ಪೀಜೋ ಬಿಲ್ಲೆ ವಾಸಿ. ಅಗ್ಗದ ಈ ಬಿಲ್ಲೆ ಗಾಳಿಯ ಸದ್ದಿಗಿಂತ ಮರದ ನಡುಕವನ್ನೇ ಹೆಚ್ಚು ಗ್ರಹಿಸುತ್ತದೆ. ತೆರೆದ ಮೈಕಾದರೆ ಸ್ಪೀಕರಿನಿಂದ ಬರುವ ಹಳೆಯ ಲೂಪನ್ನೂ ಮತ್ತೆ ನುಂಗಿಕೊಂಡು ಎಲ್ಲವನ್ನೂ ಗೋಜಲು ಮಾಡುತ್ತದೆ.

ಎರಡನೆಯದು, ಚಿಕ್ಕ ಮಿಕ್ಸರ್. ಯಾವ ಸದ್ದು ಲೂಪಿಗೆ ಹೋಗಬೇಕು, ಯಾವುದು ನೇರ ಸ್ಪೀಕರಿಗೆ ಹೋಗಬೇಕು ಎಂದು ಬೇರ್ಪಡಿಸುವುದು ಅದರ ಕೆಲಸ.

ಮೂರನೆಯದು, ಲೂಪ್ ಯಂತ್ರ. ಒಮ್ಮೆ ಒತ್ತಿದರೆ ಮುದ್ರಣ ಆರಂಭ. ಮತ್ತೊಮ್ಮೆ ಒತ್ತಿದರೆ ಸುತ್ತು ಮುಚ್ಚಿ ನುಡಿಯಲು ತೊಡಗುತ್ತದೆ. ಮೂರನೆಯ ಸಲ ಒತ್ತಿದರೆ ಮೇಲಿನ ಪದರ. ಕೈಗೆ ವಾದ್ಯವಿರುವವರಿಗೆ ಕಾಲಿನ ಗುಂಡಿಯೇ ಬೇಕು.

ನಾಲ್ಕನೆಯದು, ಕರೆಂಟು. ಊರಿನ ಜಗುಲಿಯಲ್ಲಿ, ತೋಟದಲ್ಲಿ ಕೂರುವವರಿಗೆ ಬ್ಯಾಟರಿಯೇ ಗತಿ. 10,000 ಮಿಲಿಆಂಪಿಯರ್-ಗಂಟೆಯ ಸಾಧಾರಣ ಪವರ್ ಬ್ಯಾಂಕಿನಲ್ಲಿ ಇರುವುದು 37 ವಾಟ್-ಗಂಟೆ. ವೋಲ್ಟೇಜು ಏರಿಸುವಾಗಿನ ನಷ್ಟ ಕಳೆದು 30 ಎಂದಿಟ್ಟುಕೊಂಡರೆ, ಎಲ್ಲ ಯಂತ್ರಗಳೂ ಸೇರಿ 10 ವಾಟ್ ಎಳೆಯುವ ಜೋಳಿಗೆ ಮೂರು ಗಂಟೆ ನಡೆಯುತ್ತದೆ.

ಐದನೆಯದು, ಸ್ಪೀಕರ್. ಇಲ್ಲಿ ವೈರು ಕಡ್ಡಾಯ. ಬ್ಲೂಟೂತ್ ಸ್ಪೀಕರ್ ಸಾಮಾನ್ಯವಾಗಿ ಸೆಕೆಂಡಿನ ಹತ್ತನೇ ಒಂದು ಭಾಗ ಅಥವಾ ಇನ್ನೂ ಹೆಚ್ಚು ತಡ ಮಾಡುತ್ತದೆ. ಹಾಡು ಕೇಳಲು ಅದು ಅಡ್ಡಿಯಿಲ್ಲ, ಜೊತೆಗೆ ಬಾರಿಸಲು ಆಗುವುದಿಲ್ಲ. ಲೂಪ್ ಯಂತ್ರ ಕೊಳ್ಳಲಾಗದವರು ಮೊಬೈಲನ್ನೇ ಬಳಸುವುದುಂಟು. ಆಗ ಅದರೊಳಗಿನ ವಿಳಂಬವನ್ನೂ ಗಮನಿಸಬೇಕು. ಆರು ಮಿಲಿಸೆಕೆಂಡಿನ ವಿಳಂಬವೆಂದರೆ ಜೊತೆಗಾರ ಎರಡು ಮೀಟರ್ ಆಚೆ ಕೂತಂತೆ, ತೊಂದರೆಯಿಲ್ಲ. ನೂರು ಮಿಲಿಸೆಕೆಂಡೆಂದರೆ ಅವನು 34 ಮೀಟರ್ ಆಚೆ, ಬೀದಿಯ ಕೊನೆಯಲ್ಲಿ ನಿಂತಂತೆ.

ಇವೆಲ್ಲವನ್ನೂ ಒಂದು ಹಲಗೆಗೆ ಬಿಗಿದು, ವೈರುಗಳನ್ನು ಒಮ್ಮೆ ಜೋಡಿಸಿ ಹಾಗೆಯೇ ಬಿಟ್ಟರೆ ಪ್ರತಿ ಸಲ ಕಟ್ಟಿ ಬಿಚ್ಚುವ ಗೋಳಿಲ್ಲ. ಯಂತ್ರದ ಗುಂಡಿಗಳಿಗೆ ಚನ್ನಪಟ್ಟಣದ ಗೊಂಬೆ ಕಡೆಯುವವರಿಂದ ಬೇರೆಬೇರೆ ಆಕಾರದ ಅರಗಿನ ಬಣ್ಣದ ಟೋಪಿ ಮಾಡಿಸಿಕೊಂಡರೆ ಕತ್ತಲಲ್ಲೂ ಬೆರಳಿಗೆ ಗುರುತು ಸಿಗುತ್ತದೆ.

ಇಷ್ಟು ಸಾಮಾನಿನ ಮಾತಾಯಿತು. ನಿಜವಾದ ತೊಡಕಿರುವುದು ಕಾಲದಲ್ಲಿ. ನಿಮಿಷಕ್ಕೆ 120 ಪೆಟ್ಟಿನ ನಡೆಯಲ್ಲಿ ಆದಿತಾಳದ ಎಂಟು ಅಕ್ಷರಗಳ ಒಂದು ಆವರ್ತ ಸರಿಯಾಗಿ ನಾಲ್ಕು ಸೆಕೆಂಡು. ಹಾಡುಗಾರ ಗುಂಡಿಯನ್ನು ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ತಡವಾಗಿ ಒತ್ತಿದ ಎನ್ನೋಣ. ಪಕ್ಕದ ತಾಳಯಂತ್ರ ನಾಲ್ಕು ಸೆಕೆಂಡಿಗೇ ಸುತ್ತುತ್ತದೆ, ಲೂಪ್ ಮಾತ್ರ 4.05 ಸೆಕೆಂಡಿಗೆ. ಹತ್ತು ಸುತ್ತು ಕಳೆಯುವಷ್ಟರಲ್ಲಿ ಅರ್ಧ ಸೆಕೆಂಡು, ಅಂದರೆ ಪೂರ್ತಿ ಒಂದು ಪೆಟ್ಟು ತಪ್ಪಿರುತ್ತದೆ. ಇದನ್ನು ತಡೆಯಲು ಯಂತ್ರಗಳನ್ನು ಒಂದೇ ಗಡಿಯಾರಕ್ಕೆ ಕಟ್ಟುತ್ತಾರೆ. 1983ರಲ್ಲಿ ಬಂದ 'ಮಿಡಿ' ಎಂಬ ಒಪ್ಪಂದದ ಪ್ರಕಾರ ಒಂದು ಯಂತ್ರ ಪ್ರತಿ ಪೆಟ್ಟಿಗೆ 24 ಮಿಡಿತಗಳನ್ನು ಕಳುಹಿಸುತ್ತದೆ, ಉಳಿದವು ಅದನ್ನು ಹಿಂಬಾಲಿಸುತ್ತವೆ. ಇಬ್ಬರು ಮೂವರು ತಮ್ಮ ತಮ್ಮ ಯಂತ್ರ ತಂದು ಕೂಡಿ ನುಡಿಸುವಾಗಲಂತೂ ಇದಿಲ್ಲದೆ ನಡೆಯದು.

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಯಂತ್ರಗಳು ಯಂತ್ರವನ್ನು ಹಿಂಬಾಲಿಸಿದವು ಸರಿ, ಮನುಷ್ಯ ಯಾರನ್ನು ಹಿಂಬಾಲಿಸಬೇಕು? ನೀಲಗಾರರ ಹಿಮ್ಮೇಳ ಮುಂದಿನವನ ಮುಖ ನೋಡುತ್ತದೆ. ಅವನು ದಣಿದರೆ ಸೊಲ್ಲನ್ನು ಇನ್ನೊಂದು ಸುತ್ತು ಹಿಡಿಯುತ್ತದೆ, ಕಥೆ ಕಾವೇರಿದರೆ ನಡೆಯನ್ನು ಬಿಗಿ ಮಾಡುತ್ತದೆ. ಪೂಜಾ ಕುಣಿತದಲ್ಲಿ ತಮಟೆಯವನು ಕುಣಿಯುವವನ ಕಾಲನ್ನು ನೋಡಿಯೇ ಬಾರಿಸುತ್ತಾನೆ. ಲೂಪಿಗೆ ಆ ಕಣ್ಣಿಲ್ಲ. ಅದು ನೆನಪಿಟ್ಟುಕೊಳ್ಳುತ್ತದೆ, ಕೇಳಿಸಿಕೊಳ್ಳುವುದಿಲ್ಲ.

ಕೇಳಿಸಿಕೊಳ್ಳದ ಯಂತ್ರಕ್ಕೆ ಕೇಳಿಸಿಕೊಳ್ಳುವವನ ಕೆಲಸ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಎಷ್ಟೋ ದೇವಸ್ಥಾನಗಳಲ್ಲಿ ಮಂಗಳಾರತಿಯ ಹೊತ್ತಿಗೆ ಸ್ವಿಚ್ ಒತ್ತಿದರೆ ಮೋಟಾರೊಂದು ನಗಾರಿ, ಗಂಟೆ, ಜಾಗಟೆಗಳನ್ನು ಒಟ್ಟಿಗೆ ಬಡಿಯುತ್ತದೆ. ಸದ್ದಿಗೆ ಕೊರತೆಯಿಲ್ಲ. ಆದರೆ ಆರತಿ ನಿಧಾನವಾದರೂ ಅದು ನಿಧಾನವಾಗದು. ನಗಾರಿಯವನು ಬರುವ ಅಗತ್ಯ ತಪ್ಪಿದ ಮೇಲೆ ಅವನ ಮಗ ಕಲಿಯುವ ಅಗತ್ಯವೂ ತಪ್ಪುತ್ತದೆ. ಒಂದು ತಲೆಮಾರು ಕಳೆದರೆ ಕೈಯಲ್ಲಿದ್ದ ವಿದ್ಯೆ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಉಳಿಯುತ್ತದೆ. ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದದ್ದು, ಹಾಡುಗಾರರ ಮುಂದೆ ಟೇಪ್ ರೆಕಾರ್ಡರ್ ಇಟ್ಟದ್ದು ಈ ಭಯದಿಂದಲೇ. ಅಲ್ಲಿ ಯಂತ್ರ ಹಾಡುಗಾರನನ್ನು ಹೊರಗಟ್ಟಲಿಲ್ಲ, ಅವನ ಹಾಡನ್ನು ಕಾಪಾಡಿತು. ಯಂತ್ರ ಒಂದೇ, ಅದಕ್ಕೆ ವಹಿಸಿದ ಕೆಲಸ ಬೇರೆ.

ಆದ್ದರಿಂದ ಜೋಳಿಗೆ ಕಟ್ಟುವವರಿಗೆ ಒಂದು ಸರಳ ಸೂತ್ರವನ್ನು ಸೂಚಿಸಬಹುದು. ಕದಲದೆ ನಿಲ್ಲಬೇಕಾದದ್ದನ್ನು, ಅಂದರೆ ಶ್ರುತಿಯನ್ನು, ಮಂದ್ರದ ಮೊರೆತವನ್ನು ಯಂತ್ರಕ್ಕೆ ಬಿಡಿ. ಏರಿಳಿಯಬೇಕಾದ ತಾಳವನ್ನು, ಸೊಲ್ಲನ್ನು ಆದಷ್ಟು ಮನುಷ್ಯರಿಗೆ ಉಳಿಸಿ. ಗಡಿಯಾರದ ಗುಂಡಿ ತಮಟೆಯವನ ಕಾಲ ಬಳಿ ಇರಲಿ. ಅವನು ತಟ್ಟಿದ ನಡೆಗೆ ಯಂತ್ರಗಳು ಹೊಂದಿಕೊಳ್ಳಲಿ. ಈಗಿನ ಅನೇಕ ಯಂತ್ರಗಳಲ್ಲಿ ಕಾಲಿನಿಂದ ನಡೆ ತಟ್ಟಿ ತಿಳಿಸುವ ಸೌಲಭ್ಯವಿದೆ. ನೀಲಗಾರರ ಸೊಲ್ಲನ್ನೇ ಹಿಡಿದು ಸುತ್ತಿಸುವ ಆಸೆಯಾದರೆ ಮೊದಲು ಅವರನ್ನು ಕೇಳಬೇಕು, ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಅದು ದೀಕ್ಷೆ ಪಡೆದವರ ಹಾಡು, ಬಿಟ್ಟಿ ಸಿಕ್ಕ ಸದ್ದಲ್ಲ.

ಲೂಪ್ ಯಂತ್ರದ ಮೇಲೆ ನಿಲ್ಲಿಸುವ ಗುಂಡಿಯೂ ಇರುತ್ತದೆ. ಹೊಸಬರು ಪದರದ ಮೇಲೆ ಪದರ ಪೇರಿಸುವ ಉತ್ಸಾಹದಲ್ಲಿ ಅದನ್ನು ಮರೆಯುತ್ತಾರೆ. ಪಳಗಿದವರು ಸರಿಯಾದ ಹೊತ್ತಿಗೆ ಅದನ್ನು ಒತ್ತಿ, ಎಲ್ಲ ಸುತ್ತುಗಳನ್ನೂ ಕಳಚಿ, ಒಂಟಿ ದನಿಯಲ್ಲಿ ನುಡಿ ಎತ್ತುತ್ತಾರೆ. ಆ ದನಿ ಗಟ್ಟಿಯಾಗಿದ್ದರೆ ಮಾತ್ರ ಹಿಮ್ಮೇಳಕ್ಕೆ ಅರ್ಥ, ಅದು ಜೋಳಿಗೆಯೊಳಗಿನದಾಗಲಿ, ಜಗುಲಿಯ ಮೇಲಿನದಾಗಲಿ.