ಸಮುದ್ರಕ್ಕೆ ಒಂದೇ ದಂಡೆ: ಕಯಾಕ್ ಹತ್ತೋ ಮುಂಚೆ ಕೇಳ್ರಿ

ರಾಣೆಬೆನ್ನೂರಿಂದ ಹಾವೇರಿಗೆ ಹೋಗೋ ಬಸ್ಸಿನಾಗ ಕಿಟಕಿ ಪಕ್ಕ ಕುಂತು ಕೇಳ್ತಿರೋರು, ಬ್ಯಾಡಗಿ ಮಾರ್ಕೆಟ್ಟಿನಾಗ ಮೆಣಸಿನಕಾಯಿ ಘಾಟಿಗೆ ಸೀನ್ಕೊಂತ ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಸಮುದ್ರದಲ್ಲಿ ಕಯಾಕ್ ನಡೆಸೋದು. "ನಮಗೂ ಸಮುದ್ರಕ್ಕೂ ಏನ್ ಸಂಬಂಧಪಾ? ನಮ್ಮ ಕಡೆ ಇರೋದು ವರದಾ, ತುಂಗಭದ್ರಾ, ಹೆಗ್ಗೇರಿ ಕೆರೆ" ಅಂತ ನೀವು ಕೇಳಬಹುದು. ಸಂಬಂಧ ಐತ್ರಿ. ಶನಿವಾರ ರಾತ್ರಿ ಕಾರು ಹತ್ತಿ, ಶಿರಸಿ ದಾಟಿ, ದೇವಿಮನೆ ಘಾಟಿ ಇಳಿದರೆ ಬೆಳಗಾಗೋದರೊಳಗೆ ಕುಮಟಾ. ನಮ್ಮ ವಯಸ್ಸಿನ ಹುಡುಗ ಹುಡುಗಿಯರು ಎಷ್ಟು ಜನ ಹಿಂಗ ಹೋಗ್ತಾರೆ ಅಂತ ನಿಮ್ಮ ಇನ್‌ಸ್ಟಾಗ್ರಾಂನೇ ಹೇಳ್ತದೆ. ರೀಲ್ಸ್‌ನಲ್ಲಿ ನೀಲಿ ನೀರು, ಹಳದಿ ಕಯಾಕ್, ಹಿನ್ನೆಲೆಯಲ್ಲಿ ಒಂದು ಹಾಡು. ಹದಿನೈದು ಸೆಕೆಂಡ್ ಅಷ್ಟೇ.

ಇನ್ನೊಂದು ಸಂಬಂಧವೂ ಇದೆ. ಅದನ್ನ ಹೇಳದೆ ಮುಂದೆ ಹೋಗೋಕೆ ಆಗಲ್ಲ. 2019ರ ಜನವರಿ 21, ಬನದ ಹುಣ್ಣಿಮೆ. ಕಾರವಾರದ ಹತ್ತಿರ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಜಾತ್ರೆಗೆ ಹೋಗಿದ್ದ ಜನರ ಒಂದು ದೋಣಿ ಸಮುದ್ರದಲ್ಲಿ ಮಗುಚಿತು. 16 ಜನ ತೀರಿಕೊಂಡರು. ಅದರಲ್ಲಿ ನಮ್ಮ ಹಾವೇರಿ ಜಿಲ್ಲೆಯವರಿದ್ದರು, ಒಂದೇ ಕುಟುಂಬದ ಹಲವರಿದ್ದರು, ಮಕ್ಕಳಿದ್ದರು. ಬಹಳಷ್ಟು ಜನ ಲೈಫ್ ಜಾಕೆಟ್ ಹಾಕಿರಲಿಲ್ಲ ಅಂತ ಆಗ ವರದಿಯಾಗಿತ್ತು. ಅದು ಕಯಾಕ್ ಅಲ್ಲ, ಪ್ರಯಾಣಿಕರ ದೋಣಿ. ಆದರೂ ನೀರಿಗೆ ಬಿದ್ದ ಮೇಲೆ ಎರಡಕ್ಕೂ ಪ್ರಶ್ನೆ ಒಂದೇ: ಮೈಮೇಲೆ ಏನಿದೆ?

ಈಗ ನನ್ನದೇ ಕಥೆ. ಇದನ್ನ ಹೇಳೋಕೆ ನನಗೆ ನಾಚಿಕೆ ಆಗ್ತದೆ, ಆದರೂ ಹೇಳ್ತೀನಿ.

ಎರಡು ವರ್ಷದ ಹಿಂದೆ, ಡಿಸೆಂಬರ್. ನಾವು ನಾಲ್ಕು ಜನ ಉತ್ತರ ಕನ್ನಡದ ಒಂದು ಅಳಿವೆಗೆ, ಅಂದ್ರ ನದಿ ಸಮುದ್ರ ಸೇರೋ ಜಾಗಕ್ಕೆ ಹೋಗಿದ್ವಿ. ಬಾಡಿಗೆಗೆ ಎರಡು ಡಬಲ್ ಕಯಾಕ್ ತಗೊಂಡ್ವಿ. ನನ್ನ ಜೊತೆ ಕೂತಿದ್ದು ಬ್ಯಾಡಗಿಯಲ್ಲಿ ದಲಾಲಿ ಅಂಗಡಿ ಲೆಕ್ಕ ಬರೆಯೋ ಗೆಳೆಯ. ಅವನಿಗೆ ಈಜು ಬರಲ್ಲ. ಅವನಿಗೆ ಕೊಟ್ಟ ಜಾಕೆಟ್‌ನ ಒಂದು ಬಕಲ್ ಮುರಿದಿತ್ತು. ನಾನು ನೋಡಿದೆ. ಹಿಂದೆ ಇನ್ನೂ ಜನ ಕಾಯ್ತಿದ್ರು, ಉಳಿದ ಇಬ್ಬರು ಆಗಲೇ ನೀರಿಗೆ ಇಳಿದು "ಬಾರೋ" ಅಂತ ಕೂಗ್ತಿದ್ರು. ನಾನು ಸುಮ್ನಿದ್ದೆ.

ಮುಂದೆ ಹೋಗೋಕೆ ಏನೂ ಕಷ್ಟ ಆಗಲಿಲ್ಲ. ದಂಡೆ ಹತ್ತಿರ ನೀರು ಕನ್ನಡಿಯಂಗ ಇತ್ತು. ಹುಟ್ಟು ಹಾಕಿದಂಗೆಲ್ಲ ಕಯಾಕ್ ಹಾರಿಕೊಂಡು ಹೋಗ್ತಿತ್ತು. ಜಿಮ್‌ಗೆ ಹೋಗಿದ್ದು ಸಾರ್ಥಕ ಆತು ಅಂದ್ಕೊಂಡೆ. ವಾಪಸ್ ತಿರುಗಿದಾಗ ಗೊತ್ತಾತು. ಎಷ್ಟು ಹುಟ್ಟು ಹಾಕಿದರೂ ದಂಡೆಯ ತೆಂಗಿನ ಮರ ಇದ್ದಲ್ಲೇ ಇದೆ. ಸುಸ್ತಾಗಿ ಕೈ ನಿಲ್ಲಿಸಿದ್ವಿ, ಕಯಾಕ್ ಅಡ್ಡ ತಿರುಗಿತು, ಒಂದು ಅಲೆ ಬಂತು, ಇಬ್ಬರೂ ನೀರಲ್ಲಿ. ಗೆಳೆಯನ ಜಾಕೆಟ್ ಮೇಲೆದ್ದು ಕಿವಿಯ ಮಟ್ಟಕ್ಕೆ ಬಂತು. ಅವನ ಮುಖ ಜಾಕೆಟ್ ಒಳಗೆ, ಕೈ ಹೊರಗೆ. ನಾನು ಒಂದು ಕೈಯಲ್ಲಿ ಕಯಾಕ್, ಇನ್ನೊಂದು ಕೈಯಲ್ಲಿ ಅವನ ಕಾಲರ್ ಹಿಡಿದೆ. ಮೀನು ಹಿಡಿದು ವಾಪಸ್ ಬರ್ತಿದ್ದ ಒಬ್ಬ ಹಿರಿಯರು ನೋಡಿ ಎಳೆದು ದೋಣಿಗೆ ಹಾಕಿಕೊಂಡರು. ಬೈಯಲಿಲ್ಲ. "ಹೋಗುವಾಗ ಗಾಳಿ ಯಾವ ಕಡೆಗೆ ಇತ್ತು, ನೋಡಿದ್ರಾ?" ಅಂತ ಒಂದೇ ಮಾತು ಕೇಳಿದರು. ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಆ ಪ್ರಶ್ನೆಯಿಂದಲೇ ಶುರು ಮಾಡೋಣ.

ನಾವು ಬಯಲುಸೀಮೆಯವರಿಗೆ ನೀರು ಗೊತ್ತಿಲ್ಲ ಅಂತಲ್ಲ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ತುಂಗಭದ್ರೆಯ ದಂಡೆ ಮೇಲಿದೆ, ದೋಣಿ ನಡೆಸ್ತಾ ವಚನ ಬರೆದ ಅಂಬಿಗರ ಚೌಡಯ್ಯನ ಹೆಸರಿನ ಊರು. ನಾವು ಅಂಬಿಗರ ನಾಡಿನವರೇ. ಆದ್ರ ನದಿಗೆ ಎರಡು ದಂಡೆ. ಒಂದು ತಪ್ಪಿದರೆ ಇನ್ನೊಂದು ಸಿಗಬಹುದು. ಸಮುದ್ರಕ್ಕೆ ಒಂದೇ ದಂಡೆ.

ಡಿಸೆಂಬರ್, ಜನವರಿಯ ಬೆಳಗ್ಗೆ ಕರಾವಳಿಯಲ್ಲಿ ಗಾಳಿ ಸಾಮಾನ್ಯವಾಗಿ ನೆಲದಿಂದ ಸಮುದ್ರದ ಕಡೆ ಬೀಸ್ತದೆ. ದಂಡೆಯಲ್ಲಿ ಮರದ ಮರೆ ಇರೋದರಿಂದ ಅದು ಗೊತ್ತಾಗಲ್ಲ, ನೀರು ಶಾಂತವಾಗಿ ಕಾಣ್ತದೆ. ಸ್ವಲ್ಪ ದೂರ ಹೋದ ಮೇಲೆ ಬೆನ್ನಿಗೆ ತಾಗ್ತದೆ. ಬಿಸಿಲೇರಿದ ಮೇಲೆ ದಿಕ್ಕು ಬದಲಾಗಿ ಸಮುದ್ರದಿಂದ ನೆಲಕ್ಕೆ ಬೀಸ್ತದೆ, ಮಧ್ಯಾಹ್ನಕ್ಕೆ ಜೋರಾಗಿ ಅಲೆ ಏಳ್ತವೆ. ಇನ್ನು ನೀರು ಸುಮಾರು ಆರು ತಾಸು ಏರ್ತದೆ, ಆರು ತಾಸು ಇಳಿತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಈ ಏರಿಳಿತ ಹೆಚ್ಚು. ಇಳಿತದ ಹೊತ್ತಿನಲ್ಲಿ ನದಿ ನೀರೆಲ್ಲ ಅಳಿವೆಯಿಂದ ಹೊರಗೆ ಓಡ್ತದೆ, ಎದುರಿನಿಂದ ಸಮುದ್ರದ ಅಲೆ ಬರ್ತದೆ. ಎರಡೂ ಡಿಕ್ಕಿ ಹೊಡೆಯೋ ಜಾಗದಲ್ಲಿ ಅಲೆ ಗೋಡೆಯಂಗ ನಿಲ್ತದೆ. ನಾವು ಹೋಗಿದ್ದು ಸರಿಯಾಗಿ ಅಲ್ಲಿಗೇ.

ನಾನು ಬಿ.ಕಾಂ. ಓದಿದವನು, ಲೆಕ್ಕದಲ್ಲೇ ಹೇಳ್ತೀನಿ. ಹೊಸಬರು ತಾಸಿಗೆ ಹೆಚ್ಚಂದ್ರ 5 ಕಿಲೋಮೀಟರ್ ಹೋಗ್ತಾರೆ ಅಂತಿಟ್ಕೊಳ್ಳಿ. ಗಾಳಿ ಮತ್ತು ಸೆಳೆತ ಸೇರಿ 3 ಕಿಲೋಮೀಟರ್ ತಳ್ತವೆ. ಹೋಗುವಾಗ ವೇಗ 8. ಅರ್ಧ ತಾಸಿನಲ್ಲಿ 4 ಕಿಲೋಮೀಟರ್ ದೂರ. ಬರುವಾಗ 5ರಲ್ಲಿ 3 ಕಳೀರಿ, ಉಳಿದಿದ್ದು 2. ಅದೇ ದೂರಕ್ಕೆ ಎರಡು ತಾಸು ಬೇಕು, ಅದೂ ಕೈ ನಿಲ್ಲಿಸದಿದ್ದರೆ. ಹೋಗೋದು ಸಾಲ ತಗೊಂಡಂಗ, ಸುಲಭ. ಬರುವಾಗ ಬಡ್ಡಿ ಸಮೇತ ಕಟ್ಟಬೇಕು. ಅದಕ್ಕೇ ನಿಯಮ: ಮೊದಲು ಗಾಳಿ, ಸೆಳೆತದ ಎದುರಿಗೆ ಹೋಗಿ. ಆಗಲಿಲ್ಲ ಅಂದ್ರ ಅಲ್ಲೇ ಗೊತ್ತಾಗ್ತದೆ, ದಂಡೆ ಹತ್ತಿರ ಇರುವಾಗಲೇ.

ಈಗ ಸಾಮಾನು. ಮೊದಲನೇದು ಲೈಫ್ ಜಾಕೆಟ್. "ಇಷ್ಟು ತೆಳ್ಳಗಿನ ಫೋಮ್ 70 ಕೆಜಿ ಮನುಷ್ಯನ್ನ ಎತ್ತತೈತೇನು?" ಅಂತ ಕೇಳ್ತಾರೆ. ನೀರಿನಲ್ಲಿ ನಮ್ಮ ದೇಹ ಬಹುಪಾಲು ತಾನೇ ತೇಲ್ತದೆ. ತಲೆ ಮೇಲಿರೋಕೆ ಹೆಚ್ಚುವರಿಯಾಗಿ ಮೂರರಿಂದ ಐದು ಕೆಜಿ ಆಸರೆ ಸಾಕು. ಕಯಾಕ್‌ನವರು ಹಾಕೋ ಜಾಕೆಟ್ ಮೇಲೆ 50 ನ್ಯೂಟನ್ ಅಂತ ಬರೆದಿದ್ದರೆ ಸುಮಾರು 5 ಕೆಜಿ ಅಂತ ಅರ್ಥ. ಇದು ಈಜು ಬರೋರಿಗೆ ಸಹಾಯ ಮಾಡೋ ಜಾಕೆಟ್. 100 ನ್ಯೂಟನ್‌ನದು ಮುಖ ಮೇಲೆ ತಿರುಗಿಸೋಕೂ ನೆರವಾಗ್ತದೆ. ಈಜು ಬರದವರು ಅಳಿವೆ ದಾಟಿ ಹೋಗಲೇಬಾರದು, ಯಾವ ಜಾಕೆಟ್ ಇದ್ದರೂ.

ಪರೀಕ್ಷೆ ಹೆಂಗ? ಎಲ್ಲ ಬಕಲ್ ಹಾಕಿ, ಪಟ್ಟಿ ಎಳೆದು ಬಿಗಿ ಮಾಡಿ. ಗೆಳೆಯನಿಗೆ ಹೇಳಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆ ಎಳೀಲಿ. ಜಾಕೆಟ್ ಗದ್ದ ದಾಟಿ ಮೇಲೆ ಬಂದರೆ ಅದು ನಿಮ್ಮದಲ್ಲ, ಬೇರೆ ಕೇಳಿ. ಹತ್ತು ಸೆಕೆಂಡಿನ ಕೆಲಸ. ನಾನು ಮಾಡದೇ ಇದ್ದದ್ದು ಇದನ್ನೇ. ಮಕ್ಕಳಿಗೆ ಮಕ್ಕಳ ಸೈಜೇ ಬೇಕು.

ಎರಡನೇದು, ಕಯಾಕ್. ಬಾಡಿಗೆಗೆ ಸಿಗೋದು ಹೆಚ್ಚಾಗಿ ಮೇಲೆ ಕೂರೋ ತೆರೆದ ನಮೂನೆ. ಅದರಲ್ಲಿ ತೂತುಗಳಿರ್ತವೆ, ಬಂದ ನೀರು ಕೆಳಗೆ ಇಳಿದು ಹೋಗ್ತದೆ, ಬಿದ್ದರೆ ಮತ್ತೆ ಹತ್ತೋದು ಸುಲಭ. ಹೊಸಬರಿಗೆ ಅದೇ ಸರಿ. ಒಳಗೆ ಕಾಲು ಚಾಚಿ ಕೂರೋ ಉದ್ದನೆಯ ಸಮುದ್ರ ಕಯಾಕ್ ವೇಗವಾಗಿ ಹೋಗ್ತದೆ, ಆದ್ರ ಮಗುಚಿದಾಗ ನೀರೊಳಗಿಂದ ಹೊರಬರೋದನ್ನ ತರಬೇತಿಯಲ್ಲಿ ಕಲಿತಿರಬೇಕು.

ಮೂರನೇದು, ಸಣ್ಣ ಸಾಮಾನು. ಜಾಕೆಟ್‌ಗೆ ಕಟ್ಟಿದ ಸೀಟಿ. ತುಂಬು ತೋಳಿನ, ಬೇಗ ಒಣಗೋ, ಕಣ್ಣಿಗೆ ಹೊಡೆಯೋ ಬಣ್ಣದ ಅಂಗಿ. ಜೀನ್ಸ್ ಬೇಡ, ನೀರು ಕುಡಿದು ಭಾರ ಆಗ್ತದೆ. ಟೋಪಿ, ಕುಡಿಯೋ ನೀರು. ಫೋನ್ ವಾಟರ್‌ಪ್ರೂಫ್ ಪೌಚ್‌ನಲ್ಲಿ. ಮೊದಲು ಪೌಚ್ ಒಳಗೆ ಒಂದು ಟಿಶ್ಯೂ ಪೇಪರ್ ಹಾಕಿ ಬಕೆಟ್‌ನಲ್ಲಿ ಮುಳುಗಿಸಿ ನೋಡಿ. ಫೋನ್ ನಿಮ್ಮ ಜಾಕೆಟ್‌ಗೆ ಕಟ್ಟಿರಲಿ, ಕಯಾಕ್‌ಗೆ ಅಲ್ಲ. ಕಯಾಕ್ ತೇಲಿಹೋದರೆ ಅದರಲ್ಲಿದ್ದದ್ದೆಲ್ಲ ಹೋತು.

ಇನ್ನು ಕಲಿಕೆ. ಹುಟ್ಟು ಹಾಕೋದು ಬರೀ ಕೈ ಕೆಲಸ ಅಲ್ಲ, ಸೊಂಟ ತಿರುಗಬೇಕು, ಕಾಲು ಒತ್ತಬೇಕು. ದೊಡ್ಡ ಅಲೆಗೆ ಮೈಯೊಡ್ಡಿ ಅಡ್ಡ ನಿಲ್ಲಬಾರದು, ಮೂತಿ ಅಲೆ ಕಡೆ ಇರಲಿ. ಇದಕ್ಕಿಂತ ಮುಖ್ಯವಾದದ್ದು ಬಿದ್ದು ಏಳೋದು. ಬಿದ್ದ ತಕ್ಷಣ ಕಯಾಕ್ ಬಿಡಬೇಡಿ. ದಂಡೆ ಹತ್ತಿರ ಕಂಡರೂ ಅದನ್ನ ಬಿಟ್ಟು ಈಜೋಕೆ ಹೋಗಬೇಡಿ. ಅದು ತೇಲ್ತದೆ, ದೂರದಿಂದ ಕಾಣ್ತದೆ. ಅಂಚು ಹಿಡಿದು, ಕಾಲು ಬಡಿದು ಮೈಯನ್ನ ನೀರಿನ ಮಟ್ಟಕ್ಕೆ ತಂದು, ಎದೆ ಕಯಾಕ್ ಮೇಲೆ ಎಳೆದುಕೊಂಡು, ಆಮೇಲೆ ಹೊರಳಿ ಕೂರಬೇಕು. ಇದನ್ನ ತರಬೇತುದಾರರ ಎದುರಿಗೆ, ಎದೆಮಟ್ಟದ ಶಾಂತ ನೀರಲ್ಲಿ ಹತ್ತು ಸಲ ಮಾಡಿ. ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಕಾಂಡ್ಲಾ ಗಿಡಗಳ ನಡುವಿನ ಹಿನ್ನೀರಲ್ಲಿ ಕಯಾಕಿಂಗ್ ಮಾಡಿಸ್ತಾರೆ. ಹೊಸಬರು ಶುರು ಮಾಡಬೇಕಾದ್ದು ಅಂಥ ನೀರಲ್ಲಿ. ಗಂಭೀರವಾಗಿ ಕಲಿಯೋರಿಗೆ ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ, ಗೋವಾದಲ್ಲಿ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆ ಇದೆ.

ಹೊರಡೋ ಮುಂಚೆ ಫೋನ್‌ನಲ್ಲಿ ಮೂರು ಕೆಲಸ. ಒಂದು, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗಾಗಿ ಕೊಡೋ ಅಲೆ, ಗಾಳಿ ಮುನ್ಸೂಚನೆ ನೋಡಿ. ಎರಡು, ಆ ದಿನದ ಉಬ್ಬರ ಇಳಿತದ ಸಮಯ ನೋಡಿ. ಮೂರು, ಎಲ್ಲಿಗೆ ಹೋಗ್ತೀವಿ, ಎಷ್ಟು ಗಂಟೆಗೆ ದಂಡೆಗೆ ಬರ್ತೀವಿ ಅಂತ ಮನೇಲಿ ಒಬ್ಬರಿಗೆ ಮೆಸೇಜ್ ಹಾಕಿ. ನಂಬರ್ ಬರ್ಕೊಳ್ಳಿ: ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093, ಯಾವುದೂ ನೆನಪಾಗದಿದ್ದರೆ 112. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರ್ತದೆ. ಮೀನಿನ ಸಂತತಿ ಬೆಳೀಲಿ ಅಂತ ಆ ನಿಯಮ, ಆದ್ರ ಅದು ಕಡಲು ಕೆರಳಿರೋ ಕಾಲವೂ ಹೌದು. ಮಳೆಗಾಲದಲ್ಲಿ ಕಯಾಕ್ ಮಾತೇ ಬೇಡ.

ಕೊನೇ ಮಾತು. ಸಾಮಾನಿಗೆ ದುಡ್ಡು ಬೇಕು, ಕಲಿಕೆಗೆ ಟೈಮ್ ಬೇಕು. ಆದ್ರ ಅವತ್ತು ನನಗೆ ಬೇಕಾಗಿದ್ದು ಅದ್ಯಾವುದೂ ಅಲ್ಲ. "ಅಣ್ಣಾ, ಈ ಬಕಲ್ ಮುರಿದೈತಿ, ಬೇರೆ ಕೊಡ್ರಿ" ಅನ್ನೋ ಒಂದು ವಾಕ್ಯ. ಎಲ್ಲರೂ ಕಾಯ್ತಿದ್ದಾರೆ, ಅಂಜುಬುರುಕ ಅಂತಾರೆ ಅನ್ನೋ ನಾಚಿಕೆಗೆ ಅದು ಬಾಯಿಂದ ಬರಲಿಲ್ಲ. ಜಾಕೆಟ್ ಇಲ್ಲ ಅಂದ್ರ, ಗಾಳಿ ಸರಿಯಿಲ್ಲ ಅಂದ್ರ, "ನಾವು ಹತ್ತಲ್ಲ" ಅಂತ ದಂಡೆ ಮೇಲೆ ನಿಂತೇ ಹೇಳಬೇಕು. ನೀರಿನಾಗ ಬಿದ್ದ ಮೇಲೆ ಹೇಳೋಕೆ ಬಾಯಿ ಖಾಲಿ ಇರೋದಿಲ್ಲ.

ನನ್ನ ಗೆಳೆಯ ಈಗ ಈಜು ಕಲಿತಿದ್ದಾನೆ. ಈ ಕಥೆ ಹೇಳ್ಲಾ ಅಂತ ಕೇಳಿದ್ದಕ್ಕೆ, "ಹೇಳು, ಆದ್ರ ಬಕಲ್ ವಿಷಯ ಬಿಡಬ್ಯಾಡ" ಅಂದ. ಬಿಟ್ಟಿಲ್ಲ ದೋಸ್ತ.

ನಿಮ್ಮ ಗುಂಪಿನಾಗ ಯಾರಾದ್ರೂ ಈ ವಾರ ಘಟ್ಟ ಇಳಿಯೋರಿದ್ರ, ಅವರಿಗೆ ಇದನ್ನ ಕಳಿಸ್ರಿ. ಮುಂದಿನ ವಾರ ಸಿಗೋಣ. ಹುಷಾರಾಗಿ ಹೋಗಿ ಬರ್ರಿ.